ಪೆಟ್ಟು ಬಿದ್ದ ಕಿವಿಯಲ್ಲಿ ರಕ್ತ ತುಂಬಿದರೆ: ಪತ್ತೆ, ಚಿಕಿತ್ಸೆ, ಎಲ್ಲಿ ಕೈತಪ್ಪುತ್ತದೆ

ಕುಸ್ತಿಯ ಹಿಡಿತದಲ್ಲಿ ಉಜ್ಜಿಯೋ, ಬಾಕ್ಸಿಂಗ್‌ನಲ್ಲಿ ಏಟು ತಗುಲಿಯೋ, ರಗ್ಬಿಯ ನೂಕಾಟದಲ್ಲಿ ಸಿಕ್ಕಿಯೋ, ಸುಮ್ಮನೆ ಜಾರಿ ಬಿದ್ದೋ ಕಿವಿಗೆ ಪೆಟ್ಟಾಗುತ್ತದೆ. ಕೆಲವೇ ಗಂಟೆಗಳಲ್ಲಿ ಕಿವಿಯ ಮುಂಭಾಗದ ಏರಿಳಿತಗಳು ಅಳಿಸಿಹೋಗಿ, ಅಲ್ಲೊಂದು ಕೆಂಪು-ನೀಲಿ ಉಬ್ಬು ನಿಲ್ಲುತ್ತದೆ. ಇದು ಹೊರಕಿವಿಯ ರಕ್ತಬಾವು. ವೈದ್ಯರ ಭಾಷೆಯಲ್ಲಿ ಆರಿಕ್ಯುಲರ್ ಹೆಮಟೋಮ.

ಸೂಜಿ ಹಾಕಿ ರಕ್ತ ಎಳೆಯುವುದು ಐದು ನಿಮಿಷದ ಕೆಲಸ. ಆ ಜಾಗ ಮತ್ತೆ ತುಂಬದಂತೆ ಒಂದು ವಾರ ಒತ್ತಿ ಹಿಡಿಯುವುದೇ ನಿಜವಾದ ಚಿಕಿತ್ಸೆ. ಕಿವಿ ಕೆಡುವುದೂ ಹೆಚ್ಚಾಗಿ ಆ ವಾರದಲ್ಲೇ. ಹಾಗಾಗಿ ಈ ಬರಹದಲ್ಲಿ ರಕ್ತ ತೆಗೆಯುವುದಕ್ಕಿಂತ ತೆಗೆದ ಮೇಲಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಇದನ್ನು ಕ್ಲಿನಿಕ್ಕಿನ ವೈದ್ಯರು, ತುರ್ತು ವಿಭಾಗದ ಸಿಬ್ಬಂದಿ, ತಂಡದ ಫಿಸಿಯೊಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಪೆಟ್ಟು ತಿಂದವರೂ ಓದಲಿ, ತಮ್ಮ ಕಿವಿಗೆ ಏನು ಮಾಡುತ್ತಿದ್ದಾರೆಂದು ತಿಳಿದಿರಲಿ. ಆದರೆ ಸೂಜಿ, ಬ್ಲೇಡಿನ ಕೆಲಸ ತರಬೇತಿ ಪಡೆದ ಕೈಗೇ ಸೇರಿದ್ದು. ಮನೆಯಲ್ಲಿ ಪಿನ್ನು, ಸೂಜಿ ಚುಚ್ಚಿ ರಕ್ತ ಬಿಟ್ಟರೆ ಸೋಂಕಿಗೆ ಬಾಗಿಲು ತೆರೆದಂತಾಗುತ್ತದೆ, ಉಬ್ಬು ಮಾತ್ರ ಸಂಜೆಯೊಳಗೆ ಮತ್ತೆ ತುಂಬಿಕೊಂಡಿರುತ್ತದೆ.

ಒಳಗೆ ಏನು ಕೆಟ್ಟಿದೆ

ಕಿವಿಗೆ ಆಕಾರ ಕೊಡುವುದು ಒಳಗಿರುವ ಮೃದ್ವಸ್ಥಿಯ ತಗಡು. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ. ಎರಡೂ ಬದಿಗೆ ಅಂಟಿಕೊಂಡಿರುವ ಪೆರಿಕಾಂಡ್ರಿಯಂ ಎಂಬ ತೆಳುಪೊರೆಯಿಂದ ಜಿನುಗುವ ಪೋಷಣೆಯಿಂದಲೇ ಅದು ಬದುಕಬೇಕು. ಕಿವಿಯ ಹಿಂಬದಿಯಲ್ಲಿ ಚರ್ಮದಡಿ ತುಸು ಕೊಬ್ಬಿದೆ, ಚರ್ಮ ಸಡಿಲವಾಗಿ ಸರಿದಾಡುತ್ತದೆ. ಮುಂಬದಿಯಲ್ಲಿ ಆ ಮೆತ್ತೆ ಇಲ್ಲ, ಚರ್ಮ ಪೊರೆಗೇ ಬಿಗಿಯಾಗಿ ಅಂಟಿದೆ. ಆದ್ದರಿಂದ ಉಜ್ಜುವ, ತಿರುಚುವ ಬಲ ಬಿದ್ದಾಗ ಚರ್ಮ ಒಂದೇ ಜಾರುವುದಿಲ್ಲ. ಪೊರೆಯನ್ನೂ ಎಳೆದುಕೊಂಡು ಮೃದ್ವಸ್ಥಿಯಿಂದ ಕಿತ್ತು ಬರುತ್ತದೆ. ಪೊರೆಯ ಸಣ್ಣ ನಾಳಗಳು ಹರಿದು ನಡುವಿನ ಸಂದಿಗೆ ರಕ್ತ ಸುರಿಯುತ್ತದೆ. ಬಾವು ಬಹುತೇಕ ಮುಂಬದಿಯಲ್ಲೇ ಕಾಣುವುದಕ್ಕೆ ಕಾರಣ ಇದು.

ಈಗ ಎರಡು ಕೇಡು ಒಟ್ಟಿಗೆ ಶುರುವಾಗುತ್ತವೆ. ಪೊರೆಯಿಂದ ದೂರವಾದ ಮೃದ್ವಸ್ಥಿಗೆ ಆಹಾರ ನಿಲ್ಲುತ್ತದೆ. ಇತ್ತ ಎದ್ದು ನಿಂತ ಪೊರೆಯ ಜೀವಕೋಶಗಳು ಅಡ್ಡಾದಿಡ್ಡಿಯಾಗಿ ಹೊಸ ಮೃದ್ವಸ್ಥಿ ಕಟ್ಟತೊಡಗುತ್ತವೆ, ಹೆಪ್ಪುಗಟ್ಟಿದ ರಕ್ತ ನಾರಿನಂಥ ಗಂಟಾಗುತ್ತದೆ. ಕೊನೆಗೆ ಉಳಿಯುವುದು ಕುಸ್ತಿಪಟುಗಳಲ್ಲಿ ನೋಡುವ ಮುದುಡಿದ, ಗಟ್ಟಿಯಾದ ಹೂಕೋಸು ಕಿವಿ. ಸಂದಿಯಲ್ಲಿ ನಿಂತ ರಕ್ತಕ್ಕೆ ಸೋಂಕು ತಗುಲಿದರೆ ಮೃದ್ವಸ್ಥಿ ಕರಗಿ ಕಿವಿ ಕುಸಿಯಲೂಬಹುದು.

ಮೊದಲು ತಲೆ, ಆಮೇಲೆ ಕಿವಿ

ಕಿವಿ ಊದುವಷ್ಟು ಪೆಟ್ಟು ತಲೆಗೂ ಬಿದ್ದಿರಬಹುದು. ಪ್ರಜ್ಞೆ ತಪ್ಪಿತ್ತೇ, ವಾಂತಿಯಾಗಿದೆಯೇ, ತಲೆನೋವು ಏರುತ್ತಿದೆಯೇ ಎಂದು ಕೇಳಿ. ಕಿವಿಯ ಹಿಂದಿನ ಮೂಳೆಯ ಮೇಲೆ ಕಂದಿದ ಗುರುತು, ಕಿವಿಯ ನಾಳದಿಂದ ರಕ್ತ ಅಥವಾ ತಿಳಿನೀರು, ಮುಖದ ಒಂದು ಬದಿ ಸೋತಿರುವುದು, ಕೇಳಿಸದಿರುವುದು, ತಲೆಸುತ್ತು ಇವುಗಳಲ್ಲಿ ಯಾವುದೊಂದು ಇದ್ದರೂ ಕಪಾಲದ ಮೂಳೆ ಮುರಿದಿರುವ ಸಾಧ್ಯತೆ ಇದೆ. ಆಗ ಕಿವಿಯ ಬಾವು ಕಾಯಲಿ, ತಲೆಯ ತಪಾಸಣೆ ಮೊದಲಾಗಲಿ. ಕಿವಿಯೊಳಗೆ ನೋಡುವ ಆಟೋಸ್ಕೋಪ್ ಉಪಕರಣದಲ್ಲಿ ಕಿವಿತಮಟೆಯನ್ನೂ ನೋಡಿ. ಕೆನ್ನೆ-ಕಿವಿಗೆ ಅಂಗೈಯಿಂದ ಬಿದ್ದ ಏಟಿಗೆ ತಮಟೆ ಹರಿಯುವುದುಂಟು.

ಇದು ರಕ್ತಬಾವೇ ಹೌದೇ?

ಪರೀಕ್ಷೆ ಸುಲಭ. ಎರಡು ಬೆರಳನ್ನು ಉಬ್ಬಿನ ಎರಡು ತುದಿಯಲ್ಲಿಡಿ. ಒಂದರಿಂದ ಮೆಲ್ಲಗೆ ಒತ್ತಿದಾಗ ಇನ್ನೊಂದು ಬೆರಳು ಮೇಲೆದ್ದರೆ ಒಳಗೆ ದ್ರವವಿದೆ. ಬರೀ ಕಂದಿದ ಕಿವಿಯಾದರೆ ಬಣ್ಣ ಕೆಟ್ಟಿರುತ್ತದೆ, ನೋಯುತ್ತದೆ, ಆದರೆ ಮಡಿಕೆಗಳು ಹಾಗೇ ಎದ್ದು ಕಾಣುತ್ತವೆ. ಅದಕ್ಕೆ ತಣ್ಣನೆಯ ಪಟ್ಟಿ ಸಾಕು, ಸೂಜಿ ಬೇಡ. ಆದರೂ ಮರುದಿನ ಇನ್ನೊಮ್ಮೆ ನೋಡಬೇಕು. ತಡವಾಗಿ ತುಂಬಿಕೊಳ್ಳುವ ಕಿವಿಗಳಿವೆ.

ಕಿವಿಯ ಕೆಳತುದಿಯ ಮೆತ್ತನೆಯ ಭಾಗ ಒಳ್ಳೆಯ ಸುಳಿವು ಕೊಡುತ್ತದೆ. ಅಲ್ಲಿ ಮೃದ್ವಸ್ಥಿಯೇ ಇಲ್ಲ, ಆದ್ದರಿಂದ ನಿಜವಾದ ರಕ್ತಬಾವು ಅಲ್ಲಿಗೆ ಇಳಿಯುವುದಿಲ್ಲ. ಕೆಳತುದಿಯೂ ಸೇರಿ ಇಡೀ ಕಿವಿ ಕೆಂಪಾಗಿ ಊದಿದ್ದರೆ ಚರ್ಮದ ಸೋಂಕನ್ನು ಯೋಚಿಸಿ. ಕೆಳತುದಿ ಬಿಟ್ಟು ಉಳಿದದ್ದೆಲ್ಲ ಕೆಂಪು, ಬಿಸಿ, ಮುಟ್ಟಲಾಗದಷ್ಟು ನೋವು ಎಂದಾದರೆ ಅದು ಪೊರೆಯ ಸೋಂಕು, ಅಂದರೆ ಪೆರಿಕಾಂಡ್ರೈಟಿಸ್. ಪೆಟ್ಟಿನ ನೆನಪೇ ಇಲ್ಲ, ನೋವೂ ಇಲ್ಲ, ದಿನಗಟ್ಟಲೆ ನಿಧಾನವಾಗಿ ಊದಿದೆ, ಸೂಜಿ ಹಾಕಿದರೆ ಒಣಹುಲ್ಲಿನ ಬಣ್ಣದ ನೀರು ಬರುತ್ತದೆ ಎಂದರೆ ಅದು ಸೂಡೊಸಿಸ್ಟ್ ಎಂಬ ನೀರುಗುಳ್ಳೆ. ಪೆಟ್ಟಿಲ್ಲದೆ ಎರಡೂ ಕಿವಿ ಮತ್ತೆ ಮತ್ತೆ ಕೆಂಪಾಗುತ್ತಿದ್ದು, ಮೂಗು, ಕೀಲುಗಳೂ ನೋಯುತ್ತಿದ್ದರೆ ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್ ಎಂಬ ಕಾಯಿಲೆಯ ತನಿಖೆ ನಡೆಯಬೇಕು.

ಸಣ್ಣ ಪೆಟ್ಟಿಗೆ ದೊಡ್ಡ ಬಾವು ಬಂದಿದ್ದರೆ ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ, ರಕ್ತಸ್ರಾವದ ಕಾಯಿಲೆಯ ಬಗ್ಗೆ ಕೇಳಿ. ಇನ್ನೊಂದನ್ನು ಮುಜುಗರಪಡದೆ ಕೇಳಲೇಬೇಕು. ಪುಟ್ಟ ಮಗುವಿನ ಕಿವಿಯಲ್ಲಿ, ಇನ್ನೊಬ್ಬರ ಆರೈಕೆಯಲ್ಲಿರುವ ವೃದ್ಧರ ಕಿವಿಯಲ್ಲಿ ಈ ಬಾವು ಕಂಡು, ಜೊತೆಗೆ ಬಂದವರು ಹೇಳುವ ಕತೆ ಅದಕ್ಕೆ ಹೊಂದದಿದ್ದರೆ ಯಾರೋ ಹೊಡೆದಿರಬಹುದು. ಆಗ ಕಿವಿಗೆ ಪಟ್ಟಿ ಕಟ್ಟಿ ಕಳಿಸಿದರೆ ಮುಗಿಯಲಿಲ್ಲ, ಅವರ ಸುರಕ್ಷತೆಗೂ ಏರ್ಪಾಟು ಮಾಡಬೇಕು.

ಎಷ್ಟು ಹೊತ್ತಾಯಿತು, ಎಷ್ಟು ದೊಡ್ಡದು?

ಯಾವ ದಾರಿ ಹಿಡಿಯಬೇಕೆಂದು ಈ ಎರಡು ಪ್ರಶ್ನೆ ತೀರ್ಮಾನಿಸುತ್ತವೆ.

ಪೆಟ್ಟಾದ ಕೂಡಲೇ: ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು 10ರಿಂದ 15 ನಿಮಿಷ ಒತ್ತಿಹಿಡಿಯಿರಿ, ಬಿಟ್ಟು ಬಿಟ್ಟು ಮಾಡಿ. ತಲೆ ಎತ್ತರದಲ್ಲಿರಲಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಬೇಡ. ಉಜ್ಜುವುದು, ನೀವುವುದು ಖಂಡಿತ ಬೇಡ. ಪೊರೆ ಇನ್ನಷ್ಟು ದೂರ ಕಿತ್ತುಬರುತ್ತದೆ.

2 ಸೆಂ.ಮೀ.ಗಿಂತ ಚಿಕ್ಕದು, 48 ಗಂಟೆಯೊಳಗಿನದು: ಸೂಜಿಯಿಂದ ಎಳೆಯಬಹುದು.

2 ಸೆಂ.ಮೀ. ಮೀರಿದ್ದು, ಅಥವಾ ಎರಡು ದಿನ ದಾಟಿ ಏಳು ದಿನದೊಳಗಿನದು, ಅಥವಾ ಸೂಜಿಗೆ ಬಗ್ಗದ್ದು: ಕೊಯ್ದು ತೆಗೆಯಬೇಕು.

ಏಳು ದಿನ ದಾಟಿದ್ದು, ಪದೇ ಪದೇ ತುಂಬುವುದು, ಸೋಂಕು ತಗುಲಿದ್ದು: ಇಎನ್‌ಟಿ ಅಥವಾ ಪ್ಲಾಸ್ಟಿಕ್ ಸರ್ಜರಿ ತಜ್ಞರ ಕೈಗೆ. ಅಷ್ಟರಲ್ಲಿ ಒಳಗೆ ನಾರುಗಟ್ಟಿರುತ್ತದೆ, ಅದನ್ನು ಕೆರೆದು ತೆಗೆಯದೆ ಪೊರೆ ಕೂರುವುದಿಲ್ಲ.

ವಿಧಾನಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲು ಎಂದು ಹುಡುಕಿದ 2004ರ ಕಾಕ್ರೇನ್ ವಿಮರ್ಶೆಗೆ (ಪ್ರಕಟವಾದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿ) ತೀರ್ಪು ಕೊಡುವಷ್ಟು ಗಟ್ಟಿ ಪ್ರಯೋಗಗಳು ಸಿಗಲಿಲ್ಲ. ಹಾಗಾಗಿ ಮೇಲಿನ ಗಡಿಗಳು ಅನುಭವದಿಂದ ಬಂದವು, ಕಲ್ಲಿನಲ್ಲಿ ಕೊರೆದವಲ್ಲ. ಆದರೆ ಬೇಗ ತೆಗೆದಷ್ಟೂ ಒಳ್ಳೆಯದು ಎಂಬುದರಲ್ಲಿ ಅನುಮಾನ ಬೇಡ. ಮೊದಲ ದಿನ ರಕ್ತ ಇನ್ನೂ ಹರಿಯುತ್ತದೆ, ಮೂರನೆಯ ದಿನ ಅದು ಹೆಪ್ಪು.

ಮರಗಟ್ಟಿಸುವುದು

ಸಣ್ಣ ಬಾವಿಗೆ ಸೂಜಿ ಹಾಕುವ ಜಾಗದಲ್ಲಷ್ಟೇ ಚುಚ್ಚುಮದ್ದು ಕೊಟ್ಟರೆ ನಡೆಯುತ್ತದೆ. ಕೊಯ್ಯುವುದಾದರೆ ಕಿವಿಯ ಸುತ್ತ ಉಂಗುರದಂತೆ ಕೊಡುವುದು ಮೇಲು. ಮರಗಟ್ಟಿಸುವ ಔಷಧವಾದ ಶೇ. 1ರ ಲಿಗ್ನೊಕೇನ್, 25 ಅಥವಾ 27 ಗೇಜಿನ ಉದ್ದ ಸೂಜಿ ತೆಗೆದುಕೊಳ್ಳಿ (ಗೇಜಿನ ಅಂಕಿ ಹೆಚ್ಚಿದಷ್ಟೂ ಸೂಜಿ ಸಣ್ಣ). ಕೆಳತುದಿ ಕೆನ್ನೆಗೆ ಸೇರುವ ಜಾಗದ ತುಸು ಕೆಳಗೆ ಚುಚ್ಚಿ, ಚರ್ಮದಡಿಯಲ್ಲೇ ಕಿವಿಯ ಮುಂದೆ ಮೇಲ್ಮುಖವಾಗಿ ಸಾಗಿಸಿ. ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುವುದಿಲ್ಲವೆಂದು ಖಚಿತಪಡಿಸಿಕೊಂಡು, ಸೂಜಿ ಹೊರತೆಗೆಯುತ್ತಾ 2ರಿಂದ 3 ಮಿ.ಲೀ. ಬಿಡಿ. ಪೂರ್ತಿ ಹೊರಗೆ ತೆಗೆಯದೆ ದಿಕ್ಕು ಬದಲಿಸಿ ಕಿವಿಯ ಹಿಂದೆಯೂ ಅಷ್ಟೇ ಬಿಡಿ. ಆಮೇಲೆ ಕಿವಿಯ ಮೇಲ್ತುದಿ ತಲೆಗೆ ಸೇರುವ ಕಡೆಯಿಂದ ಕೆಳಮುಖವಾಗಿ ಎರಡೂ ಬದಿಗೆ ಹೀಗೆಯೇ. ಮುಂಬದಿಯಲ್ಲಿ ಟೆಂಪೊರಲ್ ಅಪಧಮನಿ ಹಾಯುತ್ತದೆ, ಚುಚ್ಚಿಕೊಂಡರೆ ಗಟ್ಟಿಯಾಗಿ ಒತ್ತಿಹಿಡಿಯಿರಿ. ಕೆಳ-ಮುಂಬದಿಯಲ್ಲಿ ಆಳಕ್ಕೆ ಹೋದರೆ ಮುಖದ ನರಕ್ಕೆ ಔಷಧ ತಾಗಿ ಸ್ವಲ್ಪ ಹೊತ್ತು ಬಾಯಿ ಸೊಟ್ಟಗಾಗಬಹುದು. ಅದು ಇಳಿದುಹೋಗುತ್ತದೆ, ಆದರೆ ರೋಗಿಗೆ ಮೊದಲೇ ಹೇಳಿರಬೇಕು.

ಪ್ರಮಾಣದ ಲೆಕ್ಕ: ಅಡ್ರಿನಲಿನ್ ಇಲ್ಲದ ಲಿಗ್ನೊಕೇನ್ ಕೆ.ಜಿ.ಗೆ 4.5 ಮಿ.ಗ್ರಾಂ ಮೀರಬಾರದು. ಶೇ. 1ರ ದ್ರಾವಣದ ಪ್ರತಿ ಮಿ.ಲೀ.ಯಲ್ಲಿ 10 ಮಿ.ಗ್ರಾಂ ಇರುತ್ತದೆ. 60 ಕೆ.ಜಿ. ತೂಗುವವರಿಗೆ 10 ಮಿ.ಲೀ. ಕೊಟ್ಟರೂ 100 ಮಿ.ಗ್ರಾಂ ಅಷ್ಟೇ, ಮಿತಿ 270. ಆದರೆ 15 ಕೆ.ಜಿ.ಯ ಮಗುವಿಗೆ ಮಿತಿ 67 ಮಿ.ಗ್ರಾಂ, ಅಂದರೆ 7 ಮಿ.ಲೀ.ಗೂ ಕಡಿಮೆ. ಕಪಾಟಿನಲ್ಲಿ ಶೇ. 2ರ ಬಾಟಲಿ ಮಾತ್ರ ಇದ್ದರೆ ಈ ಮಿ.ಲೀ. ಅಂಕಿಗಳು ಅರ್ಧಕ್ಕಿಳಿಯುತ್ತವೆ. ಅವಸರದಲ್ಲಿ ತಪ್ಪುವ ಲೆಕ್ಕ ಇದೇ, ಬಾಟಲಿಯ ಮೇಲಿನ ಅಂಕಿ ಎರಡು ಸಲ ಓದಿ.

ರಕ್ತ ತೆಗೆಯುವುದು

ಪೊವಿಡೋನ್ ಅಯೋಡಿನ್‌ನಿಂದ ಕಿವಿಯ ಎರಡೂ ಬದಿ ಶುಚಿ ಮಾಡಿ. ದ್ರವ ಒಳಗಿಳಿಯದಂತೆ ಕಿವಿಯ ನಾಳಕ್ಕೆ ಒಣ ಹತ್ತಿಯ ಉಂಡೆ ಇಡಿ. 18 ಅಥವಾ 20 ಗೇಜಿನ ಸೂಜಿ, 5 ಅಥವಾ 10 ಮಿ.ಲೀ. ಸಿರಿಂಜ್. ಇದಕ್ಕಿಂತ ಸಣ್ಣ ಸೂಜಿಯಲ್ಲಿ ದಪ್ಪಗಾದ ರಕ್ತ ಬರುವುದೇ ಇಲ್ಲ. ಬಾವು ಅತಿ ಹೆಚ್ಚು ಉಬ್ಬಿರುವಲ್ಲಿ ಚುಚ್ಚಿ, ಎಳೆಯುತ್ತಿರುವಾಗಲೇ ಇನ್ನೊಂದು ಕೈಯ ಹೆಬ್ಬೆರಳು-ತೋರುಬೆರಳಿನ ನಡುವೆ ಉಬ್ಬನ್ನು ಹಿಂಡುತ್ತ ಬನ್ನಿ. ಕಡುಗೆಂಪು ರಕ್ತ ಬಂದು ಚರ್ಮ ತಗ್ಗುತ್ತದೆ, ಅಳಿಸಿಹೋಗಿದ್ದ ಮಡಿಕೆ ಮತ್ತೆ ಮೂಡುತ್ತದೆ. ಬೆರಳಿಗೆ ಮೃದ್ವಸ್ಥಿಯ ಗಟ್ಟಿತನ ನೇರ ತಾಗುವವರೆಗೆ ಬಿಡಬೇಡಿ. ಹಿಟ್ಟಿನಂತೆ ಮೆತ್ತಗಿನ ಅಡ್ಡಿ ಸಿಗುತ್ತಿದ್ದರೆ ಒಳಗೆ ಹೆಪ್ಪು ಕುಳಿತಿದೆ, ಸೂಜಿಯ ಕೆಲಸ ಅಲ್ಲಿಗೆ ಮುಗಿಯಿತು. ಸೂಜಿ ತೆಗೆದ ಮೇಲೆ 3ರಿಂದ 5 ನಿಮಿಷ ಬೆರಳಲ್ಲೇ ಒತ್ತಿಹಿಡಿಯಿರಿ.

ಕೊಯ್ಯುವಾಗ 15ನೇ ನಂಬರಿನ ಬ್ಲೇಡ್ ಬಳಸಿ. ಕಿವಿಯ ಹೊರ ಅಂಚಿನ ಒಳಮಗ್ಗುಲಿನ ಮಡಿಕೆಯಲ್ಲಿ, ಚರ್ಮದ ಸಹಜ ಗೆರೆಗೆ ಸಮನಾಗಿ, 5 ಮಿ.ಮೀ.ನಿಂದ 1 ಸೆಂ.ಮೀ. ಸಾಕು. ಕಲೆ ಅಲ್ಲೇ ಅಡಗಿಹೋಗುತ್ತದೆ. ಚರ್ಮ ಮತ್ತು ಪೊರೆ ಕತ್ತರಿಸಬೇಕು, ಮೃದ್ವಸ್ಥಿಗೆ ಬ್ಲೇಡ್ ತಾಗಬಾರದು. ಬಾಗಿದ ಮಸ್ಕಿಟೊ ಫೋರ್ಸೆಪ್ಸ್ (ಸಣ್ಣ ಮೊನೆಯ ಇಕ್ಕಳ) ಮುಚ್ಚಿಕೊಂಡೇ ಒಳಗೆ ಹಾಕಿ ಮೆಲ್ಲಗೆ ಬಿಡಿಸಿದರೆ ಹೆಪ್ಪು ಕಪ್ಪು ಜೆಲ್ಲಿಯಂತೆ ಜಾರಿ ಬರುತ್ತದೆ. ಮೂಲೆಗಳಲ್ಲಿ ಉಳಿದದ್ದನ್ನು ಸಲೈನ್‌ನಿಂದ (ಶುದ್ಧ ಉಪ್ಪುನೀರಿನಿಂದ) ತೊಳೆದು, ಹೊರಬರುವ ನೀರು ತಿಳಿಯಾಗುವವರೆಗೆ ಬಿಡದಿರಿ. ಒಂದು ಮೂಲೆಯಲ್ಲಿ ಉಳಿದ ಹೆಪ್ಪೂ ನಾಳೆ ಗಂಟಾಗುತ್ತದೆ.

ಖಾಲಿ ಜಾಗ ಮುಚ್ಚುವುದು

ಕಿವಿ ಈಗ ಸುಂದರವಾಗಿ ಕಾಣುತ್ತದೆ. ಹಾಗಾಗಿಯೇ ಇಲ್ಲಿ ಉದಾಸೀನ ಬರುತ್ತದೆ. ಪೊರೆ ಮೃದ್ವಸ್ಥಿಗೆ ಇನ್ನೂ ಅಂಟಿಲ್ಲ, ನಡುವೆ ಸಂದಿ ಹಾಗೇ ಇದೆ, ಹರಿದ ನಾಳಗಳು ಜಿನುಗುತ್ತಲೇ ಇವೆ. ಒತ್ತಡವಿಲ್ಲದೆ ಬಿಟ್ಟರೆ ಮರುಬೆಳಿಗ್ಗೆ ಹಳೆಯ ಬಾವೇ ಎದುರಿಗಿರುತ್ತದೆ.

ಸಣ್ಣ ಬಾವಿಗೆ ಒತ್ತುಪಟ್ಟಿ ಸಾಕು, ಆದರೆ ಅದನ್ನು ಕಟ್ಟುವ ಕ್ರಮವಿದೆ. ವ್ಯಾಸಲೀನ್ ಗಾಜ್ ಅಥವಾ ಸಲೈನ್‌ನಲ್ಲಿ ನೆನೆಸಿ ಹಿಂಡಿದ ಹತ್ತಿಯನ್ನು ಸಣ್ಣ ಸಣ್ಣ ಎಳೆಗಳಾಗಿ ಮಾಡಿ. ದೊಡ್ಡ ಉಂಡೆ ಇಟ್ಟರೆ ಅದು ಎತ್ತರದ ಭಾಗಗಳ ಮೇಲೆ ಸೇತುವೆಯಂತೆ ನಿಂತುಬಿಡುತ್ತದೆ, ತಗ್ಗಿನಲ್ಲಿರುವ ಸಂದಿಗೆ ಒತ್ತಡವೇ ತಲುಪುವುದಿಲ್ಲ. ಮೇಲಿನ ತ್ರಿಕೋನದ ಗುಳಿ, ಹೊರ ಅಂಚಿನ ಒಳಗಿನ ಉದ್ದ ಕಾಲುವೆ, ಮಧ್ಯದ ಬಟ್ಟಲು ಹೀಗೆ ಒಂದೊಂದೇ ತಗ್ಗನ್ನು ಅಂಚಿನ ಮಟ್ಟಕ್ಕೆ ಬರುವವರೆಗೆ ತುಂಬಿ. ನಂತರ ಮೂರು-ನಾಲ್ಕು ಪದರ ಗಾಜ್‌ಗೆ ಕಿವಿಯ ಬುಡ ಕೂರುವಂತೆ ಸೀಳು ಕತ್ತರಿಸಿ ಕಿವಿಯ ಹಿಂದೆ ಸೇರಿಸಿ. ಹಿಂದೆ ಆಧಾರವಿಲ್ಲದಿದ್ದರೆ ಮುಂದಿನಿಂದ ಒತ್ತಿದಾಗ ಕಿವಿ ತಲೆಗೆ ಮಡಚಿ ನೋಯುತ್ತದೆ. ಮುಂದೆ ಬಿಡಿಸಿದ ಗಾಜ್‌ನ ಮೆತ್ತೆ ಇಟ್ಟು, ರೋಲರ್ ಬ್ಯಾಂಡೇಜನ್ನು ಹಣೆ ಮತ್ತು ಹಿಂದಲೆಯ ಸುತ್ತ ತನ್ನಿ, ಇನ್ನೊಂದು ಕಿವಿ ಹೊರಗಿರಲಿ.

ಬ್ಯಾಂಡೇಜ್ ಸುತ್ತುವ ಮೊದಲು ಹಣೆಯ ಮೇಲೆ, ಬಾವು ಇರುವ ಬದಿಯ ಹುಬ್ಬಿನ ತುದಿಯ ನೇರಕ್ಕೆ, ಒಂದು ಗಾಜ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಇಟ್ಟುಕೊಳ್ಳಿ. ಸುತ್ತಿ ಮುಗಿದ ಮೇಲೆ ಅದರ ಎರಡು ತುದಿಗಳನ್ನು ಬ್ಯಾಂಡೇಜಿನ ಮೇಲೆ ತಂದು ಗಂಟು ಹಾಕಿದರೆ ಸುತ್ತುಗಳೆಲ್ಲ ಒಂದೆಡೆ ಬಿಗಿದು ಕಣ್ಣಿನ ಮೇಲಕ್ಕೆ ಜಾರುವುದಿಲ್ಲ. ಪಟ್ಟಿಯೊಳಗೆ ಒಂದು ಬೆರಳು ಕಷ್ಟಪಟ್ಟು ತೂರಬೇಕು, ಅಷ್ಟು ಬಿಗಿ ಸರಿ.

ಕೊಯ್ದ ಕಿವಿಗೆ, ದೊಡ್ಡ ಬಾವಿಗೆ, ಎರಡನೇ ಸಲ ತುಂಬಿದ ಬಾವಿಗೆ ಪಟ್ಟಿಯನ್ನಷ್ಟೇ ನಂಬಬೇಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಹೊಲಿಗೆಯಿಂದ ಹಿಡಿಸುವುದು ಹೆಚ್ಚು ಭದ್ರ. ಒಂದು ದಾರಿ: ದಂತವೈದ್ಯರು ಬಳಸುವ ಹತ್ತಿ ಸುರುಳಿಗಳಲ್ಲಿ ಒಂದನ್ನು ಮುಂದೆ, ಒಂದನ್ನು ಹಿಂದೆ ಇಟ್ಟು, 3-0 ಅಥವಾ 4-0 ಅಳತೆಯ (ಮೊದಲ ಅಂಕಿ ಹೆಚ್ಚಿದಷ್ಟೂ ದಾರ ತೆಳು) ನೈಲಾನ್ ದಾರವನ್ನು ಮುಂದಿನಿಂದ ಹಿಂದಕ್ಕೆ ಕಿವಿಯ ಪೂರ್ತಿ ದಪ್ಪದ ಮೂಲಕ ಹಾಯಿಸಿ, ಹಿಂದಿನ ಸುರುಳಿಯನ್ನು ಸುತ್ತಿಸಿ, ಅರ್ಧದಿಂದ ಒಂದು ಸೆಂ.ಮೀ. ಅಂತರದಲ್ಲಿ ಮುಂದಕ್ಕೆ ತಂದು ಮುಂದಿನ ಸುರುಳಿಯ ಮೇಲೆ ಗಂಟು ಹಾಕುವುದು. ಸುರುಳಿ ಚರ್ಮವನ್ನು ತಾಗಿ ನಿಲ್ಲಬೇಕು, ಹೂತುಕೊಳ್ಳಬಾರದು. ಸುತ್ತಲಿನ ಚರ್ಮ ಬೆಳ್ಳಗಾದರೆ ಗಂಟು ಬಿಗಿಯಾಯಿತು, ಬಿಚ್ಚಿ ಮತ್ತೆ ಹಾಕಿ. ಇನ್ನೊಂದು ದಾರಿ, ಕರಗುವ 4-0 ಅಥವಾ 5-0 ದಾರದಿಂದ ಹೊದಿಕೆ ಹೊಲಿದಂತೆ ಬಾವಿದ್ದ ಜಾಗದುದ್ದಕ್ಕೂ ಅಲ್ಲಲ್ಲಿ ಟಾಂಕು ಹಾಕಿ ಪೊರೆಯನ್ನು ಮೃದ್ವಸ್ಥಿಗೆ ಕೂರಿಸುವುದು. ಇದರಲ್ಲಿ ಮೇಲೆ ದೊಡ್ಡ ಗಡ್ಡೆ ಇರುವುದಿಲ್ಲ, ಪಟ್ಟಿ ಕಿತ್ತುಹಾಕುವ ಮಕ್ಕಳಿಗೆ ಅನುಕೂಲ. ಸುರುಳಿಗಳನ್ನು ಸುಮಾರು 7 ದಿನ ಬಿಡಬೇಕು. ನೋವಿಲ್ಲವೆಂದು ಮೂರನೇ ದಿನಕ್ಕೇ ತೆಗೆಸಿಕೊಳ್ಳುವುದು ದೊಡ್ಡ ತಪ್ಪು.

ಆ್ಯಂಟಿಬಯಾಟಿಕ್ ಎಲ್ಲರಿಗೂ ಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ಕೊಯ್ದಿದ್ದರೆ, ಸುರುಳಿ ಹೊಲಿದಿದ್ದರೆ, ಮಧುಮೇಹವಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಕೊಡುವುದೇ ಲೇಸು. ಇಲ್ಲಿ ಕಾಡುವ ಜೀವಿಗಳು ಮುಖ್ಯವಾಗಿ ಸ್ಯೂಡೊಮೊನಾಸ್ ಮತ್ತು ಸ್ಟ್ಯಾಫಿಲೊಕಾಕಸ್. ಸಾಮಾನ್ಯ ಗಾಯಕ್ಕೆ ಕೊಡುವ ಎಷ್ಟೋ ಮಾತ್ರೆಗಳು ಸ್ಯೂಡೊಮೊನಾಸ್ ಅನ್ನು ಮುಟ್ಟುವುದಿಲ್ಲ, ಆಯ್ಕೆ ಮಾಡುವಾಗ ಇದು ನೆನಪಿರಲಿ. ಚರ್ಮ ಹರಿದಿದ್ದರೆ ಟೆಟನಸ್ ಚುಚ್ಚುಮದ್ದಿನ ಅವಧಿಯನ್ನೂ ನೋಡಿ.

ಕೈತಪ್ಪಿದಾಗ

*ಸೂಜಿಗೆ ಏನೂ ಬರುತ್ತಿಲ್ಲ.* ಹೆಪ್ಪುಗಟ್ಟಿದೆ, ಅಥವಾ ಸೂಜಿಯ ತುದಿ ಮೃದ್ವಸ್ಥಿಗೆ ನಾಟಿದೆ. ಸ್ವಲ್ಪ ಹಿಂದಕ್ಕೆಳೆದು ದಿಕ್ಕು ಬದಲಿಸಿ ಒಮ್ಮೆ ನೋಡಿ. ಆಗಲೂ ಬಾರದಿದ್ದರೆ ಹತ್ತು ಕಡೆ ಚುಚ್ಚುತ್ತ ಹೋಗಬೇಡಿ, ಕೊಯ್ಯುವ ತಯಾರಿ ಮಾಡಿ.

*ಸುತ್ತ ಮರಗಟ್ಟಿದೆ, ಬಟ್ಟಲಿನ ಭಾಗ ಮಾತ್ರ ನೋಯುತ್ತದೆ.* ನಿಮ್ಮ ಚುಚ್ಚುಮದ್ದು ತಪ್ಪಿಲ್ಲ. ಬಟ್ಟಲು ಮತ್ತು ನಾಳದ ಬಾಯಿಗೆ ವೇಗಸ್ ನರದ ಕವಲು ಬರುತ್ತದೆ, ಉಂಗುರದ ಚುಚ್ಚುಮದ್ದಿಗೆ ಅದು ಸಿಗುವುದಿಲ್ಲ. ಅಲ್ಲೇ ಚರ್ಮದಡಿ ಒಂದಿಷ್ಟು ಔಷಧ ಬಿಡಿ.

*24 ಗಂಟೆಯಲ್ಲಿ ಮತ್ತೆ ತುಂಬಿದೆ.* ಎಲ್ಲಕ್ಕಿಂತ ಹೆಚ್ಚು ಕಾಣುವ ತೊಂದರೆ ಇದು. ಅದಕ್ಕೇ ಮರುದಿನದ ತಪಾಸಣೆ ತಪ್ಪಿಸಬಾರದು. ಪಟ್ಟಿ ಬಿಚ್ಚುವಾಗಲೇ ಕಾರಣ ಹುಡುಕಿ. ಹತ್ತಿ ತಗ್ಗುಗಳಿಂದ ಹೊರಗೆ ಬಂದು ಸಡಿಲವಾಗಿದ್ದರೆ ತುಂಬಿದ್ದು ಸಾಲದು. ಹತ್ತಿ ಸರಿಯಾಗಿದ್ದೂ ಉಬ್ಬಿದ್ದರೆ ಒಳಗೆ ಹೆಪ್ಪು ಉಳಿದಿತ್ತು, ಅಥವಾ ರಕ್ತ ತೆಳುವಾಗಿಸುವ ಔಷಧ ನಡೆಯುತ್ತಿದೆ. ಆ ಔಷಧವನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮತ್ತೆ ಸೂಜಿ ಹಾಕಿ ಅದೇ ಪಟ್ಟಿ ಕಟ್ಟಿದರೆ ಅದೇ ಫಲ ಸಿಗುತ್ತದೆ, ಈ ಸಲ ಕೊಯ್ದು ತೊಳೆದು ಹೊಲಿಗೆ ಹಾಕಿ. ಅದಾದ ಮೇಲೂ ತುಂಬಿದರೆ ತಜ್ಞರಿಗೆ ಕಳಿಸಿ.

*ನೋವು ಕಡಿಮೆಯಾಗುವ ಬದಲು ಏರುತ್ತಿದೆ.* ರಕ್ತ ಹೊರಹೋದ ಮೇಲೆ ನೋವು ಇಳಿಯಲೇಬೇಕು. ಏರುತ್ತಿದ್ದರೆ ಮೂರರಲ್ಲೊಂದು: ಒತ್ತಡ ಹೆಚ್ಚು, ಮತ್ತೆ ತುಂಬಿದೆ, ಅಥವಾ ಸೋಂಕು. ಫೋನಿನಲ್ಲಿ ಮಾತ್ರೆ ಹೇಳಿ ಮುಗಿಸಬೇಡಿ, ಬಿಚ್ಚಿ ನೋಡಿ. ಸುರುಳಿಯಡಿ ಚರ್ಮ ಬೂದು ಅಥವಾ ಕಪ್ಪಾಗಿದ್ದರೆ ಕೂಡಲೇ ಹೊಲಿಗೆ ಬಿಚ್ಚಬೇಕು. ಕೆಂಪು ಹರಡುತ್ತಿದ್ದು ಬಿಸಿಯಾಗಿ, ಕೀವು ಅಥವಾ ವಾಸನೆ ಇದ್ದರೆ ಸುರುಳಿ ತೆಗೆದು, ಕೀವನ್ನು ಕಲ್ಚರ್‌ಗೆ (ಯಾವ ರೋಗಾಣು ಎಂದು ತಿಳಿಯುವ ಪರೀಕ್ಷೆಗೆ) ಕಳಿಸಿ, ಸ್ಯೂಡೊಮೊನಾಸ್‌ಗೆ ತಾಗುವ ಔಷಧ ಶುರುಮಾಡಿ ಅದೇ ದಿನ ತಜ್ಞರಿಗೆ ಒಪ್ಪಿಸಿ. ಮೃದ್ವಸ್ಥಿ ಒಮ್ಮೆ ಕರಗಿದರೆ ಮೊದಲಿನ ಆಕಾರದಲ್ಲಿ ಮರಳಿ ಬೆಳೆಯುವುದಿಲ್ಲ.

*ಕಿವಿ ಮಂದವಾಗಿ ಕೇಳಿಸುತ್ತದೆ.* ನಾಳದಲ್ಲಿ ಇಟ್ಟ ಹತ್ತಿಯನ್ನು ತೆಗೆಯಲು ಮರೆತಿರಬಹುದು, ಮೊದಲು ಅದನ್ನೇ ನೋಡಿ. ಅಲ್ಲಿಲ್ಲದಿದ್ದರೆ ತಮಟೆಯನ್ನು ಮತ್ತೆ ಪರೀಕ್ಷಿಸಿ.

*ವಾರ ಕಳೆದಿದೆ, ಒಳಗೆ ಗಟ್ಟಿ ಗಂಟು.* ಸೂಜಿಯಿಂದ ಇನ್ನು ಲಾಭವಿಲ್ಲ. ಆರಂಭದ ವಾರಗಳಲ್ಲಾದರೆ ತಜ್ಞರು ತೆರೆದು ಹೊಸದಾಗಿ ಕಟ್ಟಿದ ನಾರು, ಮೃದ್ವಸ್ಥಿಯನ್ನು ಕೆರೆದು ಮತ್ತೆ ಹೊಲಿಯಬಲ್ಲರು. ಪೂರ್ತಿ ಗಟ್ಟಿಯಾದ ಹಳೆಯ ಹೂಕೋಸು ಕಿವಿಗೂ ಶಸ್ತ್ರಚಿಕಿತ್ಸೆ ಇದೆ, ಹೆಚ್ಚಿದ ಭಾಗವನ್ನು ತೆಳುವಾಗಿಸುತ್ತಾರೆ. ಆದರೆ ಮೊದಲಿನ ಆಕಾರವನ್ನು ಯಾರೂ ಭರವಸೆ ಕೊಡಲಾರರು.

ಆಟಕ್ಕೆ ಮರಳುವುದು

ಸುರುಳಿ ಇರುವಾಗ ಮೈಗೆ ಮೈ ತಾಗುವ ಆಟ ಬೇಡ. ತೆಗೆದ ಮೇಲೂ ಕಿವಿ ಚಪ್ಪಟೆಯಾಗಿ, ನೋವಿಲ್ಲದೆ ನಿಂತಿದೆಯೇ ಎಂದು ಒಂದೆರಡು ದಿನ ಗಮನಿಸಿ. ಸಾಮಾನ್ಯವಾಗಿ ಚಿಕಿತ್ಸೆಯ ದಿನದಿಂದ 10ರಿಂದ 14 ದಿನ ಹಿಡಿಯುತ್ತದೆ. ಹೊಸದಾಗಿ ಅಂಟಿದ ಪೊರೆ ಹಳೆಯದಕ್ಕಿಂತ ಸುಲಭವಾಗಿ ಕಿತ್ತುಬರುತ್ತದೆ, ಆದ್ದರಿಂದ ಕಿವಿ ಮುಚ್ಚುವ ಹೆಡ್‌ಗೇರ್ ಅಭ್ಯಾಸದಲ್ಲೂ ಇರಲಿ. ಕಿವಿಯ ಭಾಗದ ಬಟ್ಟಲು ಕಿವಿಯನ್ನು ಒತ್ತದೆ ಸುತ್ತುವರಿಯಬೇಕು, ಗಲ್ಲದ ಪಟ್ಟಿ ಬಿಗಿದಾಗ ಅದು ತಿರುಗಬಾರದು. ಸಡಿಲವಾದ ಹೆಡ್‌ಗೇರ್ ಕಿವಿಯ ಮೇಲೆ ತಾನೇ ಉಜ್ಜಿ ಬಾವು ತರುತ್ತದೆ. ಹಾಕಿಕೊಂಡು ಎರಡು ಕೈಯಿಂದ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ. ತಲೆಯ ಜೊತೆಗೇ ತಿರುಗಿದರೆ ಅಳತೆ ಸರಿ, ತಲೆಯ ಮೇಲೆ ಜಾರಿದರೆ ಒಂದು ಅಳತೆ ಚಿಕ್ಕದು ತೆಗೆದುಕೊಳ್ಳಿ.